ಪುನರುತ್ಥಾನದ ಹಬ್ಬವನ್ನು ಚಿಕ್ಕ ಮಕ್ಕಳಿಗೆ ತಿಳಿಸುವ ಬಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಕೆಲವರು ತಾವೇ ಭಾನುವಾರದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ಅವರು ನಮ್ಮನ್ನು ಕಾಣಲು ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಒಂದು ಪ್ರತಿ ವರ್ಷವೂ ತಪ್ಪದೆ ಬರುವುದು. ಕ್ರಿಸ್ತಜಯಂತಿಯ ಅರ್ಥವನ್ನು ಮಗುವಿಗೆ ಹೇಳುವುದು ಕಷ್ಟವಲ್ಲ. ಅಲ್ಲಿ ದನದ ಹಟ್ಟಿಯುಂಟು, ಕುರುಬರುಂಟು, ನಕ್ಷತ್ರವುಂಟು, ಎಲ್ಲಕ್ಕಿಂತ ಮಿಗಿಲಾಗಿ ಗೋದಲಿಯಲ್ಲಿ ಮಲಗಿದ ಕೂಸು ಉಂಟು. ಮಗುವಿಗೆ ಮಗುವಿನ ಕಥೆಯನ್ನು ಹೇಳಲು ಯಾರ ಸಹಾಯವೂ ಬೇಡ. ಆದರೆ ಶುಭ ಶುಕ್ರವಾರವನ್ನೂ ಅದರ ಮೂರನೆಯ ದಿನದ ಪುನರುತ್ಥಾನದ ಹಬ್ಬವನ್ನೂ ಐದಾರು ವರ್ಷದ ಮಗುವಿಗೆ ಯಾವ ರೀತಿಯಲ್ಲಿ ತಿಳಿಸಬೇಕು? ಕೊಲೆಯ ಸಂಗತಿಯನ್ನು ಹೇಳಬೇಕೇ, ಬಿಡಬೇಕೇ? ಸತ್ತವನು ಎದ್ದನೆಂದರೆ ಮಗು ಏನೆಂದು ತಿಳಿದೀತು? ಇದೇ ಆ ಪ್ರಶ್ನೆ. ನಾವು ಈ ವಿಷಯದಲ್ಲಿ ಪಂಡಿತರಲ್ಲ. ಆದರೂ ಹಲವು ವರ್ಷ ಪ್ರಾಥಮಿಕ ವಿಭಾಗದ ಮಕ್ಕಳಿಗೆ ಈ ಪಾಠವನ್ನು ಹೇಳಿ, ಒಂದು ಸಾರಿ ದೊಡ್ಡ ತಪ್ಪನ್ನೇ ಮಾಡಿ, ಕಲಿತುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಹೆಸರಿನ ಮಾತು. ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ, ಯೇಸುಸ್ವಾಮಿಯನ್ನು ಕೊಂದ ದಿನ ಶುಭವಾದದ್ದು ಹೇಗೆ ಎಂಬುದು. ಈ ಪ್ರಶ್ನೆ ಸರಿಯಾದದ್ದೇ. ಇಂಗ್ಲಿಷ್ ಹೆಸರಿನಲ್ಲಿರುವ ಮೊದಲ ಪದಕ್ಕೆ ಹಿಂದಿನ ಕಾಲದಲ್ಲಿ ಪರಿಶುದ್ಧವಾದದ್ದು ಎಂಬ ಅರ್ಥವೂ ಇತ್ತು. ನಾವು ಅದನ್ನು ಶುಭವೆಂದು ತಿರುಗಿಸಿಕೊಂಡೆವು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರ ಮನೆಮಾತಾದ ಜರ್ಮನ್ ಭಾಷೆಯಲ್ಲಾದರೋ ಆ ದಿನದ ಹೆಸರು ಕಾರ್‌ಫ್ರೈಟಾಗ್, ಅಂದರೆ ಶೋಕದ ಶುಕ್ರವಾರ. ಆದುದರಿಂದ ಮಗು ಹೀಗೆ ಕೇಳಿದಾಗ, "ನೀನು ಹೇಳಿದ್ದು ನಿಜ, ಅದು ಅಳುವ ದಿನವೇ, ದೇವರ ದಿನವಾದುದರಿಂದ ದೊಡ್ಡವರು ಹಾಗೆ ಕರೆಯುತ್ತಾರೆ" ಎಂದರೆ ಸಾಕು. ಲೋಕರಕ್ಷಣೆಯ ತತ್ವವನ್ನೆಲ್ಲ ಅಲ್ಲಿಯೇ ವಿಶದಪಡಿಸಲು ಹೊರಡುವ ತಾಯಂದಿರನ್ನು ಕಂಡಿದ್ದೇವೆ. ಮಗು ಮೂರನೆಯ ವಾಕ್ಯಕ್ಕೇ ಎದ್ದು ಆಟಕ್ಕೆ ಹೋಗಿರುತ್ತದೆ.

ಎರಡನೆಯ ಪ್ರಶ್ನೆ, ಈ ಹಬ್ಬ ವರ್ಷ ವರ್ಷ ಓಡಾಡುವುದೇಕೆ? ಕ್ರಿಸ್ತಜಯಂತಿ ಡಿಸೆಂಬರ್ 25ಕ್ಕೆ ನಿಂತಿದೆ. ಇದಾದರೋ 2024ರಲ್ಲಿ ಮಾರ್ಚ್ 31ಕ್ಕೂ 2025ರಲ್ಲಿ ಏಪ್ರಿಲ್ 20ಕ್ಕೂ ಬಂದಿತು. ಪರದೇಶದ ಮಕ್ಕಳಿಗೆ ಇದನ್ನು ಹೇಳುವುದು ಕಠಿಣವೇನೋ. ನಮ್ಮ ಮಕ್ಕಳಿಗೆ ಬಹು ಸುಲಭ. ಯಾಕಂದರೆ ಹುಣ್ಣಿಮೆ ಅಮಾವಾಸ್ಯೆಗಳು ಅವರ ಮನೆಯ ಮಾತುಗಳು. ಯುಗಾದಿಯೂ ದೀಪಾವಳಿಯೂ ಚಂದ್ರನನ್ನು ನೋಡಿಕೊಂಡೇ ಬರುತ್ತವೆಂದು ಅವರು ಬಲ್ಲರು. ಯೇಸುಸ್ವಾಮಿಯನ್ನು ಶಿಲುಬೆಗೆ ಹಾಕಿದ್ದು ಯೆಹೂದ್ಯರ ಪಸ್ಕಹಬ್ಬದ ಕಾಲದಲ್ಲಿ, ಮತ್ತು ಪಸ್ಕವು ಹುಣ್ಣಿಮೆಯ ಹಬ್ಬ. 325ರಲ್ಲಿ ನಿಕೇಯ ಎಂಬ ಊರಿನಲ್ಲಿ ಕೂಡಿದ ಸಭಾಧ್ಯಕ್ಷರು, ಎಲ್ಲ ಸಭೆಗಳೂ ಪುನರುತ್ಥಾನದ ಹಬ್ಬವನ್ನು ಒಂದೇ ಭಾನುವಾರ ಆಚರಿಸಬೇಕೆಂದು ಗೊತ್ತುಮಾಡಿದರು. ಮಾರ್ಚ್ 21ರಂದಾಗಲಿ ಅದರ ತರುವಾಯವಾಗಲಿ ಬರುವ ಮೊದಲನೆಯ ಹುಣ್ಣಿಮೆಯಾದ ಮೇಲಿನ ಭಾನುವಾರವೇ ಹಬ್ಬವೆಂಬುದು ನಾವು ಅನುಸರಿಸುವ ಲೆಕ್ಕ. ಹೀಗೆ ಮಾರ್ಚ್ 22ಕ್ಕೆ ಮುಂಚೆಯೂ ಏಪ್ರಿಲ್ 25ರ ತರುವಾಯವೂ ಅದು ಬರುವುದಿಲ್ಲ. ಸಭೆಯವರು ಪಟ್ಟಿಯನ್ನು ನೋಡಿ ಹುಣ್ಣಿಮೆಯನ್ನು ಎಣಿಸುವುದರಿಂದ ಆಕಾಶದ ಹುಣ್ಣಿಮೆಗೂ ಅದಕ್ಕೂ ಒಮ್ಮೊಮ್ಮೆ ಒಂದೆರಡು ದಿನಗಳ ವ್ಯತ್ಯಾಸ ಬೀಳಬಹುದು. ಇಷ್ಟು ಸೂಕ್ಷ್ಮ ಮಕ್ಕಳಿಗೆ ಬೇಡ. ಆ ವಾರ ಸಂಜೆ ಅಂಗಳಕ್ಕೆ ಕರೆದುಕೊಂಡು ಹೋಗಿ ಬೆಳೆಯುವ ಚಂದ್ರನನ್ನು ತೋರಿಸಿ, "ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸಿದ ರಾತ್ರಿಯೂ ಇಂಥದೇ ತಿಂಗಳ ಬೆಳಕು ಇತ್ತು" ಎಂದರೆ ಅವರು ಎಂದಿಗೂ ಮರೆಯುವುದಿಲ್ಲ.

ಗರಿಗಳ ಭಾನುವಾರಕ್ಕೆ ಹೆಚ್ಚು ಮಾತು ಬೇಕಾಗಿಲ್ಲ. ಆ ಜನರು ಹಿಡಿದದ್ದು ಖರ್ಜೂರದ ಗರಿಗಳೆಂದು ಯೋಹಾನನು ಮಾತ್ರ ಹೇಳಿದ್ದಾನೆ. ಕರಾವಳಿಯ ನಮ್ಮ ಹಳೆಯ ವಿದ್ಯಾರ್ಥಿನಿಯರು ತೆಂಗಿನ ಎಳೆಗರಿಯನ್ನು ಕೊಡುತ್ತಾರೆ. ಬಯಲುಸೀಮೆಯಲ್ಲಿ ನಾವು ಈಚಲ ಗರಿಯನ್ನು ತರಿಸುತ್ತೇವೆ. ಈಚಲು ಖರ್ಜೂರದ ಸ್ವಂತ ದಾಯಾದಿ ಮರವೆಂಬುದನ್ನು ಕೇಳಿ ಮಕ್ಕಳು ಬಹಳ ಸಂತೋಷಪಡುತ್ತಾರೆ. ಗರಿ ಬೀಸುವ ಗದ್ದಲ ಅವರಿಗೆ ಬೇಕಾದಷ್ಟು ಇರಲಿ. ಅದೇ ಪಟ್ಟಣದ ಜನರು ಐದು ದಿನಗಳಲ್ಲಿ ಬೇರೆ ಕೂಗನ್ನು ಕೂಗಿದರೆಂಬುದು ಆಮೇಲೆ ತಾನಾಗಿಯೇ ಅವರ ಮನಸ್ಸಿಗೆ ನಾಟುವುದು.

ಈಗ ಶುಕ್ರವಾರ. ಇದನ್ನು ಬಿಟ್ಟು ನೇರವಾಗಿ ಭಾನುವಾರದ ಹೂವುಗಳಿಗೂ ಬಣ್ಣದ ಮೊಟ್ಟೆಗಳಿಗೂ ಹೋಗುವ ಮನೆಗಳು ಉಂಟು. ಅದು ಸರಿಯಲ್ಲ, ಸಾಯದವನು ಎದ್ದನೆಂದರೆ ಅದರಲ್ಲಿ ಹಬ್ಬವೇನು? ಇನ್ನು ಕೆಲವರು ಚಲನಚಿತ್ರಗಳನ್ನು ತೋರಿಸಿ ರಕ್ತವನ್ನೂ ಚಾಟಿಯನ್ನೂ ಮೊಳೆಗಳನ್ನೂ ಒಂದೊಂದಾಗಿ ವರ್ಣಿಸುವರು. ಇದು ಅದಕ್ಕಿಂತ ಕೆಟ್ಟದ್ದು. ನಾಲ್ಕು ಸುವಾರ್ತೆಗಳನ್ನು ತೆರೆದು ನೋಡಿರಿ: ಶಿಲುಬೆಗೆ ಹಾಕಿದ ಆ ಗಳಿಗೆಯನ್ನು ನಾಲ್ವರೂ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ, ಮೊಳೆಯನ್ನು ಹೊಡೆದ ವರ್ಣನೆ ಒಂದರಲ್ಲಿಯೂ ಇಲ್ಲ. ಕಣ್ಣಾರೆ ಕಂಡವರ ಬಾಯಿಂದ ಕೇಳಿ ಬರೆದವರೇ ಇಷ್ಟು ಮಿತವಾಗಿ ಬರೆದಿರುವಲ್ಲಿ ನಾವು ಹೆಚ್ಚು ಹೇಳುವುದೇಕೆ? "ಅವರು ಆತನನ್ನು ಕೊಂದರು. ಆತನ ತಾಯಿ ಹತ್ತಿರ ನಿಂತಿದ್ದಳು" ಎಂದು ಹೇಳಿ ಒಂದು ಕ್ಷಣ ಸುಮ್ಮನಿರುತ್ತೇವೆ. ಮಕ್ಕಳೂ ಸುಮ್ಮನಿರುತ್ತಾರೆ.

"ಅವರು" ಯಾರೆಂಬುದರಲ್ಲಿ ಮಾತ್ರ ಎಚ್ಚರಿಕೆ ಬೇಕು. ನಮ್ಮ ಚಿಕ್ಕಂದಿನಲ್ಲಿ ಯೆಹೂದ್ಯರು ಕೊಂದರೆಂದು ಎಗ್ಗಿಲ್ಲದೆ ಹೇಳುತ್ತಿದ್ದರು. ಮರಣದಂಡನೆಗೆ ಅಪ್ಪಣೆ ಕೊಟ್ಟವನು ರೋಮಿನ ಅಧಿಪತಿಯಾದ ಪಿಲಾತನು. ಮೊಳೆ ಹೊಡೆದವರು ಅವನ ಸಿಪಾಯಿಗಳು. ಯೇಸುವೂ ಆತನ ತಾಯಿಯೂ ಹನ್ನೆರಡು ಮಂದಿ ಶಿಷ್ಯರೂ ಯೆಹೂದ್ಯರೇ. ಈ ಒಂದು ತಪ್ಪುಮಾತಿನಿಂದ ಯೂರೋಪಿನಲ್ಲಿ ಶತಮಾನಗಳವರೆಗೆ ಆ ಜನರು ಎಷ್ಟು ನೊಂದರೆಂಬುದು ಚರಿತ್ರೆ ಓದಿದವರಿಗೆ ತಿಳಿದಿದೆ. 1965ರಲ್ಲಿ ರೋಮಿನ ಸಭೆಯವರು ವತಿಕಾನದ ಎರಡನೆಯ ಮಹಾಸಭೆಯಲ್ಲಿ ಈ ಆರೋಪವನ್ನು ಇಡೀ ಜನಾಂಗದ ಮೇಲೆ ಹೊರಿಸಕೂಡದೆಂದು ಸ್ಪಷ್ಟವಾಗಿ ಸಾರಿದರು. ಚಿಕ್ಕ ಮಗುವಿನ ಮನಸ್ಸಿನಲ್ಲಿ ಯಾವ ಜಾತಿಯ ಮೇಲೂ ಹಗೆಯನ್ನು ಬಿತ್ತುವ ಹಬ್ಬ ಹಬ್ಬವಲ್ಲ.

ನಮ್ಮ ಶಾಲೆಯಲ್ಲಿ ಬೇರೆ ಬೇರೆ ಧರ್ಮದ ಮನೆಗಳಿಂದ ಬರುವ ಹುಡುಗಿಯರೂ ಅನೇಕರಿದ್ದಾರೆ. 1950ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯಾಂಗದ 28ನೆಯ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆಯನ್ನಾಗಲಿ ಧನಸಹಾಯವನ್ನಾಗಲಿ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಮತಬೋಧೆಗೆ ಕೂರಿಸತಕ್ಕದ್ದಲ್ಲ. ಇದು ನ್ಯಾಯವಾದದ್ದು; ನಾವು ಮನಃಪೂರ್ವಕವಾಗಿ ನಡೆಸುತ್ತೇವೆ. ಆ ಅವಧಿಯಲ್ಲಿ ಹೊಲಿಗೆಯ ಕೋಣೆಗೆ ಹೋಗುವ ಮಕ್ಕಳು ಮರಳಿ ಬಂದು ಗೆಳತಿಯರಿಂದ ಕಥೆಯನ್ನು ಕೇಳಿಕೊಳ್ಳುತ್ತಾರೆಂಬುದು ಬೇರೆ ಮಾತು. ಕಥೆಗೆ ಗೋಡೆಯಿಲ್ಲ.

ಮೂರು ದಿನದ ಲೆಕ್ಕವೂ ಒಂದು ತೊಡಕು. ಎರಡನೆಯ ತರಗತಿಯ ಹುಡುಗಿಯೊಬ್ಬಳು ಬೆರಳು ಮಡಚಿ ಎಣಿಸಿ, "ಅಕ್ಕಾವ್ರೇ, ಶುಕ್ರವಾರ ಸಂಜಿಂದ ಭಾನುವಾರ ಮುಂಜಾನಿತನಾ ಎರಡು ದಿನಾನೂ ಆಗಲಿಲ್ರಿ" ಎಂದಳು. ಲೆಕ್ಕದ ಉಪಾಧ್ಯಾಯಿನಿಯವರು ಹಿಗ್ಗಿದರು. ಅವಳಿಗೆ ನಾವು ಹೇಳಿದ್ದಿಷ್ಟೆ: ನಿನ್ನ ತಮ್ಮನಿಗೆ ಮೊನ್ನೆ ಜ್ವರ ಬಂದರೆ ಇಂದಿಗೆ ಮೂರನೆಯ ದಿನವೆಂದು ನಿಮ್ಮ ಅಜ್ಜಿ ಹೇಳುವುದಿಲ್ಲವೇ? ಆ ದೇಶದವರೂ ಹಾಗೆಯೇ ಎಣಿಸುತ್ತಿದ್ದರು, ಮೊದಲನೆಯ ದಿನವನ್ನೂ ಸೇರಿಸಿ. ಅವರಲ್ಲಿ ದಿನವು ಸೂರ್ಯಾಸ್ತಕ್ಕೆ ಆರಂಭವಾಗುವುದು. ಶುಕ್ರವಾರ ಹೊತ್ತು ಮುಳುಗಿದೊಡನೆ ಸಬ್ಬತ್ ದಿನ ಬಂದಿತು. ಆ ದಿನ ಕೆಲಸವಿಲ್ಲ. ಹೆಂಗಸರು ಸುಗಂಧದ್ರವ್ಯಗಳನ್ನು ಹಚ್ಚಲು ಭಾನುವಾರದ ನಸುಕಿನವರೆಗೆ ಕಾದದ್ದು ಇದರಿಂದಲೇ.

ಈ ಸುಗಂಧದ್ರವ್ಯಗಳ ಪಾಠವನ್ನು ಮೂಗಿನಿಂದ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ನಿಕೊದೇಮನು ರಕ್ತಬೋಳವನ್ನೂ ಅಗರನ್ನೂ ಬೆರಸಿ ತಂದದ್ದು ಇಂದಿನ ತೂಕದಲ್ಲಿ ಸುಮಾರು 33 ಕಿಲೋಗ್ರಾಂ. ಐದು ಕಿಲೋ ಅಕ್ಕಿಯ ಚೀಲವನ್ನು ತರಗತಿಯ ನಡುವೆ ಇಟ್ಟು, ಇಂಥವು ಆರೂವರೆ ಚೀಲವೆಂದು ತೋರಿಸಿದರೆ ಬಂದ ಮನುಷ್ಯನ ಪ್ರೀತಿ ಎಷ್ಟೆಂಬುದು ಮಕ್ಕಳಿಗೆ ತಿಳಿಯುವುದು. ಸಮಾಧಿಗೆ ಮುಚ್ಚಿದ ಕಲ್ಲನ್ನು ತೋರಿಸಲು ಅಡಿಗೆಮನೆಯ ಬೀಸುವ ಕಲ್ಲಿನ ಮೇಲಿನ ಎಸಳನ್ನು ನಿಲ್ಲಿಸಿ ಉರುಳಿಸುತ್ತೇವೆ. ಕಲ್ಲನ್ನು ಯಾರು ಉರುಳಿಸುವರೆಂದು ಆ ಹೆಂಗಸರು ದಾರಿಯುದ್ದಕ್ಕೂ ಮಾತಾಡಿಕೊಂಡರೆಂದು ಮಾರ್ಕನು ಬರೆದಿದ್ದಾನೆ, ಗೊತ್ತಿದ್ದೂ ಹೊರಟರಲ್ಲ! ನಮ್ಮ ಹುಡುಗಿಯರಿಗೆ ಈ ಮಾತು ಬಹಳ ಹಿಡಿಸುತ್ತದೆ. ಅದಕ್ಕಿಂತಲೂ ಹಿಡಿಸುವುದು, ಅವರು ಓಡಿಬಂದು ಹೇಳಿದ್ದನ್ನು ಅಪೊಸ್ತಲರು ಬರಿಯ ಹರಟೆಯೆಂದು ತಳ್ಳಿಹಾಕಿದರೆಂಬ ಲೂಕನ ವಾರ್ತೆ. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಆದರೂ ನಾಲ್ಕು ಸುವಾರ್ತೆಗಳಲ್ಲಿಯೂ ಮೊದಲು ಸಮಾಧಿಗೆ ಹೋದವರು ಹೆಂಗಸರೇ. ಹುಡುಗಿಯರ ಶಾಲೆಯಲ್ಲಿ ಇದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು.

ಬಣ್ಣದ ಮೊಟ್ಟೆಗಳ ವಿಷಯದಲ್ಲಿ ನಮಗೆ ಹಗೆಯೂ ಇಲ್ಲ, ಹೆಚ್ಚಿನ ಆದರವೂ ಇಲ್ಲ. ಯೂರೋಪಿನಲ್ಲಿ ಹಿಂದೆ ತಪಸ್ಸಿನ ನಲವತ್ತು ದಿನ ಮೊಟ್ಟೆಯನ್ನು ತಿನ್ನುತ್ತಿರಲಿಲ್ಲ, ಕೋಳಿಯಂತೂ ಇಡುವುದನ್ನು ನಿಲ್ಲಿಸಲಿಲ್ಲ. ಹಬ್ಬಕ್ಕೆ ಮೊಟ್ಟೆಗಳ ರಾಶಿಯಾಯಿತು. ಬೇಕರಿಯ ಸಕ್ಕರೆ ಮೊಟ್ಟೆಯನ್ನು ಮಕ್ಕಳು ತಿನ್ನಲಿ. ಅದರಿಂದ ತತ್ವವನ್ನು ಹಿಂಡುವುದು ಬೇಡ.

ತತ್ವವನ್ನು ಹಿಂಡಲು ಹೋಗಿಯೇ ನಾವು ತಪ್ಪಿದ್ದು. ಅದನ್ನು ಈಗ ಹೇಳಬೇಕು.

2022ರಲ್ಲಿ ಹಬ್ಬವು ಏಪ್ರಿಲ್ 17ಕ್ಕೆ, ಬೇಸಿಗೆಯ ರಜೆಯೊಳಗೆ ಬಂದಿತು. ಆದುದರಿಂದ ರಜೆಗೆ ಮುಂಚಿನ ವಾರದಲ್ಲಿಯೇ ಒಂದನೆಯ ತರಗತಿಗೆ ಪಾಠವನ್ನು ಹೇಳಿದೆವು. ತರಬೇತಿಯ ಕಾಲದಿಂದಲೂ ನಮಗೆ ಪ್ರಿಯವಾದ ಒಂದು ಉಪಾಯವಿತ್ತು. ಪ್ರತಿಯೊಂದು ಮಗುವಿಗೂ ಒಂದು ಹಿಡಿ ಹೆಸರುಕಾಳನ್ನು ಕಾಗದದ ಪೊಟ್ಟಣದಲ್ಲಿ ಕೊಟ್ಟು, "ಶುಕ್ರವಾರ ಇದನ್ನು ಕುಡಿಕೆಯ ಮಣ್ಣಿನಲ್ಲಿ ಹೂಳಿ ನೀರು ಹಾಕಿರಿ, ಭಾನುವಾರ ಬೆಳಿಗ್ಗೆ ಮಣ್ಣನ್ನು ಸರಿಸಿ ನೋಡಿರಿ. ಸತ್ತು ಹೂಳಲ್ಪಟ್ಟದ್ದು ಹೇಗೆ ಏಳುತ್ತದೆಂದು ತಿಳಿಯುವುದು" ಎಂದು ಹೇಳಿ ಕಳುಹಿಸಿದೆವು. ಪಾಠ ಬಹಳ ಚೆನ್ನಾಯಿತೆಂದು ನಮಗೆ ನಾವೇ ಮೆಚ್ಚಿಕೊಂಡೆವೆಂಬುದನ್ನೂ ಮರೆಮಾಚುವುದಿಲ್ಲ.

ರಜೆ ಮುಗಿದು ಶಾಲೆ ತೆರೆದ ವಾರ, ಆ ತರಗತಿಯ ಒಬ್ಬ ಹುಡುಗಿಯ ಅಜ್ಜಿ ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಳು. ಆ ಮಗುವಿನ ತಾಯಿ ಹಿಂದಿನ ವರ್ಷ, 2021ರ ಬೇಸಿಗೆಯ ಮಹಾಮಾರಿಯಲ್ಲಿ ತೀರಿಹೋಗಿದ್ದಳು. ಮಗುವನ್ನು ಮಣ್ಣಿಗೂ ಕರೆದುಕೊಂಡು ಹೋಗಿರಲಿಲ್ಲ. ಆಗಿನ ಕಾಲ ಹಾಗಿತ್ತು. ಅವ್ವ ನಿದ್ದೆ ಮಾಡುತ್ತಿದ್ದಾಳೆಂದು ಹೇಳಿ ಸಮಾಧಾನಪಡಿಸಿದ್ದರು. ಇದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಪಾಠ ಹೇಳುವಾಗ ನೆನಪಿಗೆ ತಂದುಕೊಳ್ಳಲಿಲ್ಲ.

"ಸಿಟ್ಟಾಗಬ್ಯಾಡ್ರಿ ಅಕ್ಕಾವ್ರೇ," ಎಂದಳು ಅಜ್ಜಿ. "ನೀವು ಕೊಟ್ಟ ಕಾಳು ಮೊಳಕಿ ಬಂದ್ವು. ಅವತ್ತಿನಿಂದ ಈ ಹುಡುಗಿ ದಿನಾ ಒಂದು ತಂಬಿಗಿ ನೀರು ಒಯ್ದು ಅವರವ್ವನ ಗೋರಿ ಮ್ಯಾಲ ಹಾಕ್ತಾಳ್ರಿ. ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು."

ಬೇಸಿಗೆಯ ನೀರಿನ ಬರದಲ್ಲಿ ಒಂದು ತಿಂಗಳು. ನಮಗೆ ಏನು ಉತ್ತರ ಹೇಳಬೇಕೆಂದು ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ, "ನೀವು ಅವಳಿಗೆ ಏನು ಹೇಳಿದಿರಿ, ಅಜ್ಜಿ?" ಎಂದು ಕೇಳಿದೆವು.

"ನಾ ಏನ್ ಹೇಳ್ಲಿರಿ, ಓದಾಕ ಬರಿಯಾಕ ಬರದಾಕಿ. ನಿಮ್ಮವ್ವ ಕಾಳಲ್ಲವ್ವಾ ತಾನ ಏಳಾಕ, ಸ್ವಾಮಿ ಹೆಸರು ಹಿಡದು ಕರದಾಗ ಏಳ್ತಾಳ ಅಂದೆ. ಯಾವಾಗ ಕರೀತಾನ ಅಂತ ಕೇಳಿದ್ಲು. ಅದು ನನಗೂ ಗೊತ್ತಿಲ್ಲ, ನಾನೂ ಕಾಯಾಕತ್ತೇನಿ ಅಂದೆ."

ನಾವು ತರಬೇತಿ ಪಡೆದವರು. ವೇದಪಾಠದ ಪರೀಕ್ಷೆಗಳಲ್ಲಿ ಬಹುಮಾನ ಪಡೆದವರು. ಆ ಮುದುಕಿ ಹೇಳಿದ್ದು ನಮಗೆ ಹೊಳೆದಿರಲಿಲ್ಲ. ಕಾಳು ಸತ್ತಿರುವುದಿಲ್ಲ, ಅದರೊಳಗೆ ಜೀವವಿದ್ದೇ ಇರುತ್ತದೆ; ನೀರೂ ಬಿಸಿಯೂ ತಗಲಿದರೆ ಯಾರೂ ಕರೆಯದೆ ತಾನೇ ಏಳುವುದು. ಅದು ಪ್ರಕೃತಿಯ ನಿಯಮ. ಪುನರುತ್ಥಾನವು ಹಾಗಲ್ಲವೆಂಬುದೇ ಸುವಾರ್ತೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಬೀಜದ ಉಪಮಾನವನ್ನು ಕೊಟ್ಟಿರುವುದು ನಿಜ. ಆದರೆ ಅವನು ಅದನ್ನು ಹೇಳಿದ್ದು ಎದ್ದವರ ದೇಹ ಎಂಥದೆಂದು ತರ್ಕಿಸುವ ದೊಡ್ಡವರಿಗೆ, ತಾಯಿಯನ್ನು ಕಳೆದುಕೊಂಡ ಆರು ವರ್ಷದ ಮಗುವಿಗಲ್ಲ. ಅಂದಿನಿಂದ ಹೆಸರುಕಾಳು ನಮ್ಮ ಒಂದನೆಯ ತರಗತಿಯ ವೇದಪಾಠದಿಂದ ಹೊರಗೆ ಹೋಯಿತು. ವಿಜ್ಞಾನದ ಪಾಠಕ್ಕೆ ಅದು ಬಹು ಒಳ್ಳೆಯದು.

ಈಗ ನಾವು ಮಗ್ದಲದ ಮರಿಯಳ ಕಥೆಯಿಂದ ಪಾಠವನ್ನು ನಡೆಸುತ್ತೇವೆ. ಯೇಸುವು ಏಳುವ ಗಳಿಗೆಯನ್ನು ಯಾರೂ ಕಾಣಲಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ಒಂದೂ ಅದನ್ನು ವರ್ಣಿಸುವುದಿಲ್ಲ. ಆದಕಾರಣ ಅದು ಹೇಗಾಯಿತೆಂದು ನಾವೂ ವರ್ಣಿಸುವುದಿಲ್ಲ. ಮರಿಯಳು ಅಳುತ್ತಾ ತೋಟದಲ್ಲಿ ನಿಂತಿದ್ದಳು. ಹತ್ತಿರ ನಿಂತವನನ್ನು ತೋಟದ ಮಾಲಿಯೆಂದು ತಿಳಿದಳು. ಕಣ್ಣಿನಿಂದ ನೋಡಿಯೂ ಗುರುತು ಹತ್ತಲಿಲ್ಲ. ಆತನು ಅವಳ ಹೆಸರನ್ನು ಹಿಡಿದು ಕರೆದಾಗ ಗುರುತು ಹತ್ತಿತು. ಇಷ್ಟನ್ನು ಹೇಳಿ, ಹಾಜರಿ ಪುಸ್ತಕವನ್ನು ತೆಗೆದು ಒಂದೊಂದು ಮಗುವಿನ ಹೆಸರನ್ನೂ ನಿಧಾನವಾಗಿ ಕರೆಯುತ್ತೇವೆ. ದಿನವೂ ಗದ್ದಲದಲ್ಲಿ ನಡೆಯುವ ಹಾಜರಿ ಆ ದಿನ ಬೇರೆಯಾಗಿ ಕೇಳಿಸುತ್ತದೆ.

ಕಥೆಯನ್ನು ಹಾಡಿ ಹೇಳುವುದೂ ಲೇಸು. ನಿಘಂಟನ್ನು ಬರೆದ ಕಿಟ್ಟೆಲರು ಅದಕ್ಕಿಂತ ಬಹಳ ಮುಂಚೆ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಪದ್ಯಕೃತಿಯಾಗಿ ನಮ್ಮ ಛಂದಸ್ಸಿನಲ್ಲಿ ರಚಿಸಿದರು. ಕನ್ನಡದ ಕಿವಿಗೆ ಕಥೆಯು ಹಾಡಿನ ದಾರಿಯಿಂದ ಹೋಗುವುದೆಂದು ಅವರು ಕಂಡುಕೊಂಡಿದ್ದರು.

ತಾಯಂದಿರಿಗೆ ಇನ್ನೊಂದು ಮಾತು. ಸಾವಿನ ವಿಷಯದಲ್ಲಿ ಚಿಕ್ಕ ಮಕ್ಕಳ ಮುಂದೆ ನಾವು ಆಡುವ ಮಾತುಗಳನ್ನು ತೂಗಿ ಆಡಬೇಕು. ನಾಲ್ಕೈದು ವರ್ಷದ ಮಗುವಿಗೆ ಸತ್ತವರು ಮರಳುವುದಿಲ್ಲವೆಂಬುದೇ ತಿಳಿದಿರುವುದಿಲ್ಲ. ಊರಿಗೆ ಹೋದವರಂತೆ ಬಂದಾರೆಂದು ಎಣಿಸುತ್ತದೆ. ಆರೇಳು ವರ್ಷದ ಹೊತ್ತಿಗೆ ಮೆಲ್ಲಗೆ ತಿಳಿಯತೊಡಗುತ್ತದೆ. ನಮ್ಮ ಸಮಾಧಿಯ ಕಲ್ಲುಗಳ ಮೇಲೆ ಕರ್ತನಲ್ಲಿ ನಿದ್ರೆಹೋದರೆಂದು ಕೆತ್ತುವ ರೂಢಿಯುಂಟು. ದೊಡ್ಡವರಿಗೆ ಅದು ಆದರಣೆಯ ಮಾತು. ಮಗುವಾದರೋ ಆ ರಾತ್ರಿ ತಾನು ನಿದ್ರೆಹೋಗಲು ಹೆದರುವುದು, ತಂದೆ ಮಲಗಿದರೆ ಅಲುಗಿಸಿ ಎಬ್ಬಿಸುವುದು. ದೇವರು ಕರೆದುಕೊಂಡನೆಂದು ಹೇಳಿದರೆ, ಕರೆದುಕೊಂಡ ದೇವರ ಮೇಲೆ ಅದಕ್ಕೆ ಕೋಪ ಬರುವುದು. ಹಾಗೆ ಪ್ರಾರ್ಥನೆಯ ವೇಳೆಯಲ್ಲಿ ಕಣ್ಣು ಮುಚ್ಚಲೊಲ್ಲದ ಮಗುವನ್ನು ನಾವೇ ಕಂಡಿದ್ದೇವೆ. ಸತ್ತಳೆಂದೇ ಹೇಳಬೇಕು. ಅವಳ ದೇಹಕ್ಕೆ ಈಗ ನೋವಿಲ್ಲ, ಹಸಿವಿಲ್ಲ, ಚಳಿಯಿಲ್ಲ ಎಂದೂ ಹೇಳಬೇಕು. ನಮಗೆ ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಂಡರೆ ಮಗುವಿನ ನಂಬಿಕೆ ಕುಂದುವುದೆಂದು ನಾವು ಹಿಂದೆ ಹೆದರುತ್ತಿದ್ದೆವು. ಈಗ ಆ ಹೆದರಿಕೆಯಿಲ್ಲ.

ಹಬ್ಬದ ಅರುಣೋದಯದ ಆರಾಧನೆಗೆ ಸ್ಮಶಾನಕ್ಕೆ ಚಿಕ್ಕ ಮಕ್ಕಳನ್ನು ಕರೆತರಬಹುದೇ ಎಂದು ಕೆಲವರು ಕೇಳಿದ್ದಾರೆ. ಸಮಾಧಿಗಳ ನಡುವೆ ಸೂರ್ಯೋದಯವನ್ನು ಕಾಯುವ ಈ ಪದ್ಧತಿ 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಹಳ್ಳಿಯ ಮೊರೇವಿಯನ್ ಸಭೆಯ ತರುಣರಿಂದ ಆರಂಭವಾಯಿತು. ಕರೆತರಬಹುದೆಂದೇ ನಮ್ಮ ಉತ್ತರ. ಒತ್ತಾಯ ಮಾತ್ರ ಬೇಡ. ಹಿಂದಿನ ದಿನ ಹಗಲಿನಲ್ಲಿ ಒಮ್ಮೆ ಕರೆದುಕೊಂಡು ಹೋಗಿ, ಹುಲ್ಲು ಕೀಳಲು ಬಿಟ್ಟರೆ ಕತ್ತಲೆಯಲ್ಲಿ ಹೆದರುವುದಿಲ್ಲ. ಕೈಗೆ ಮೇಣದ ಬತ್ತಿಗಿಂತ ಹೂವನ್ನು ಕೊಡುವುದು ವಾಸಿ, ಉದ್ದ ಲಂಗಕ್ಕೆ ಬೆಂಕಿಯ ಭಯವಿರುವುದಿಲ್ಲ.

ಮರುವರ್ಷ, 2023ರ ಏಪ್ರಿಲ್ 9ರಂದು, ಆ ಅಜ್ಜಿಯೂ ಮೊಮ್ಮಗಳೂ ನಸುಕಿನಲ್ಲಿ ಅಲ್ಲಿಗೆ ಬಂದಿದ್ದರು. ಮಗುವಿನ ಕೈಯಲ್ಲಿ ತಂಬಿಗೆ ಇತ್ತು. ನಾವು ನೋಡುತ್ತಿರುವುದನ್ನು ಕಂಡು ಅಜ್ಜಿ, ಗೋರಿಯ ತಲೆಯ ಕಡೆ ಗೊಂಡೆಹೂವಿನ ಒಂದು ಗಿಡ ಹಚ್ಚಿದ್ದೇನೆ, ಹೇಗೂ ನೀರು ತರುತ್ತಾಳೆ ಎಂದಳು. ಮಗು ಗಿಡಕ್ಕೆ ನೀರನ್ನು ಹಾಕಿ, ತಂಬಿಗೆಯನ್ನು ಬೋರಲಿಟ್ಟು, ಗೀತೆ ಆರಂಭವಾಗುವ ಮೊದಲೇ ನಮ್ಮ ಸೆರಗನ್ನು ಹಿಡಿದೆಳೆದು, "ಅಕ್ಕಾವ್ರೇ, ಇವತ್ತ ಸ್ವಾಮಿ ಎದ್ದು ಮೊದಲ ಯಾರ ಹೆಸರು ಕರದ್ರಿ?" ಎಂದು ಕೇಳಿತು. ಪಾಠದಲ್ಲಿ ಹೇಳಿದ್ದೆವಲ್ಲ ಎಂದೆವು. ಗೊತ್ತೈತಿ, ಸುಮ್ಮನ ಕೇಳಿದೆ ಎಂದಿತು.